ನಮಗೂ ಒಬ್ಬ ಬುಕೆಲೆ ಬೇಕು ಅಂದ ಗೆಳೆಯನಿಗೆ

ಗೆಳೆಯಾ,

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ದೇಶದ ಅಧ್ಯಕ್ಷ ಬುಕೆಲೆ ಗ್ಯಾಂಗಿನೋರನ್ನ ತುಂಬಿರೋ ಜೈಲಿನ ವಿಡಿಯೋ ನೀನು ಕಳಿಸಿದ್ದು ನೋಡ್ದೆ, ಅದರ ಕೆಳಗೆ "ನಮಗೂ ಇಂಥವನೊಬ್ಬ ಬೇಕು ಕಣೋ" ಅಂತ ಬರ್ದಿದ್ದನ್ನೂ ಓದ್ದೆ. ಅಮ್ಮನ ಸರ ಕಿತ್ಕೊಂಡು ಹೋದ್ಮೇಲೆ ಅವರು ಬೆಳಗ್ಗೆ ಹಾಲು ತರೋಕೂ ಒಬ್ರೇ ಹೋಗ್ತಿಲ್ಲ ಅಂದೆಯಲ್ಲ, ಆ ಸಿಟ್ಟು ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತು. ವಾಟ್ಸಾಪಲ್ಲಿ ಎರಡು ಸಾಲಿಗೆ ಮುಗಿಯೋ ಮಾತಲ್ಲ ಇದು ಅಂತ ಕೂತು ಬರೀತಿದೀನಿ. ನಿನ್ನ ಥರಾನೇ ಯೋಚ್ನೆ ಮಾಡೋರು ಬೇಕಾದಷ್ಟು ಜನ ಇರ್ತಾರೆ, ಅದಕ್ಕೆ ಎಲ್ರಿಗೂ ಕಾಣೋ ಹಾಗೇ ಹಾಕ್ತೀನಿ.

ಮೊದಲು ನೀನು ಹೇಳಿದ್ರಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನೂ ಒಪ್ಕೊತೀನಿ. ಅರವತ್ತು ಲಕ್ಷ ಚಿಲ್ಲರೆ ಜನ ಇರೋ ಆ ಪುಟ್ಟ ದೇಶದಲ್ಲಿ 2022ರ ಮಾರ್ಚ್‌ನಲ್ಲಿ ಒಂದೇ ವಾರಾಂತ್ಯಕ್ಕೆ 87 ಕೊಲೆ ಆಯ್ತು, ಬಸ್ ಓಡಿಸೋನೂ ಹಫ್ತಾ ಕೊಡಬೇಕು, ಸಂತೇಲಿ ಮಾರೋಳೂ ಕೊಡಬೇಕು, ಒಂದು ಗ್ಯಾಂಗಿನ ಏರಿಯಾದವನು ಇನ್ನೊಂದು ಗ್ಯಾಂಗಿನ ಏರಿಯಾಗೆ ಕಾಲಿಟ್ಟರೆ ವಾಪಸ್ ಬರೋ ಗ್ಯಾರಂಟಿ ಇಲ್ಲ. ಬುಕೆಲೆ ತುರ್ತು ಪರಿಸ್ಥಿತಿ ಹೇರಿದ. 2015ರಲ್ಲಿ ಲಕ್ಷ ಜನಕ್ಕೆ ನೂರರ ಮೇಲಿದ್ದ ಕೊಲೆ 2024ರಲ್ಲಿ ಸರ್ಕಾರಿ ಲೆಕ್ಕದ ಪ್ರಕಾರ ಎರಡಕ್ಕಿಂತ ಕೆಳಗೆ ಬಂತು. ಅದೇ ವರ್ಷ ಜನ ಎಂಬತ್ತು ಪರ್ಸೆಂಟಿಗೂ ಮೀರಿ ವೋಟ್ ಹಾಕಿ ಅವನನ್ನೇ ಮತ್ತೆ ಗೆಲ್ಲಿಸಿದ್ರು. ಅವರೇನು ದಡ್ಡರಲ್ಲ, ಮಕ್ಕಳು ಸಂಜೆ ಬೀದೀಲಿ ಆಡೋ ಹಾಗಾಯ್ತು ಅಂದ್ರೆ ಅದು ಸಣ್ಣ ವಿಷಯ ಅಲ್ವೇ ಅಲ್ಲ.

ಆದ್ರೆ ವಿಡಿಯೋದಲ್ಲಿ ಬರದೇ ಇರೋದೂ ಇದೆ. 80 ಸಾವಿರಕ್ಕಿಂತ ಜಾಸ್ತಿ ಜನನ್ನ ಒಳಗೆ ಹಾಕಿದಾರೆ, ಮೂರು ದಿನದಲ್ಲಿ ಕೋರ್ಟಿಗೆ ಕರ್ಕೊಂಡು ಹೋಗ್ಬೇಕು ಅಂತಿದ್ದಿದ್ದನ್ನ ಹದಿನೈದು ದಿನ ಮಾಡಿದ್ರು, ನೂರಾರು ಜನರನ್ನ ಒಟ್ಟಿಗೆ ನಿಲ್ಸಿ ವಿಚಾರಣೆ ಮಾಡೋಕೂ ಕಾನೂನು ತಂದ್ರು. ಎಂಟು ಸಾವಿರ ಜನ ಅಮಾಯಕರನ್ನ ಬಿಟ್ಟಿದೀವಿ ಅಂತ ಬುಕೆಲೆನೇ ಹೇಳಿದಾನೆ. ಬಿಟ್ಟಿರೋದೇ ಅಷ್ಟಾದ್ರೆ ಇನ್ನೂ ಒಳಗಿರೋ ಅಮಾಯಕರು ಎಷ್ಟು? ಗ್ಯಾಂಗಿಗೆ ಅಂತ ತಂದ ಬಿಗಿ ಗ್ಯಾಂಗಿಗೇ ನಿಲ್ಲಲಿಲ್ಲ, 2025ರ ಮೇನಲ್ಲಿ ಸರ್ಕಾರದ ಭ್ರಷ್ಟಾಚಾರ ಕೆದಕ್ತಿದ್ದ ವಕೀಲೆ ರೂತ್ ಲೋಪೆಸ್‌ನ ಮನೆಯಿಂದ ಎತ್ತಾಕೊಂಡು ಹೋದ್ರು.

ಇದೆಲ್ಲ ಸಮುದ್ರದಾಚೆ ಕಥೆ ಅನ್ಬಹುದು ನೀನು. ಅಲ್ಲಪ್ಪ, ನಾನು ಹನೂರು ಕಡೆಯವನು, ನಮ್ಮಲ್ಲೇ ಇದು ಆಗಿಹೋಗಿದೆ. ವೀರಪ್ಪನ್ ಅಂದ್ರೆ ಈಗಿನ ಹುಡುಗರಿಗೆ ಮೀಸೆ ಅಷ್ಟೇ ನೆನಪು, ಆದ್ರೆ ಅವನು ಏನು ಮಾಡಿದ ಅಂತ ನಮ್ಮ ಕಡೆಯೋರು ಮರೆಯೋಕಾಗಲ್ಲ. ಗೋಪಿನಾಥಂ ಜನಕ್ಕೆ ಒಳ್ಳೇದು ಮಾಡ್ತಿದ್ದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನ 1991ರಲ್ಲಿ ಶರಣಾಗ್ತೀನಿ ಅಂತ ನಂಬಿಸಿ ಕರೆಸಿಕೊಂಡು ತಲೆ ಕಡಿದ. 1992ರಲ್ಲಿ ಮೀಣ್ಯಂ ಹತ್ರ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಅವನ ಕೈಲಿ ಸತ್ರು. 1993ರಲ್ಲಿ ಪಾಲಾರ್ ಹತ್ರ ನೆಲಬಾಂಬ್ ಇಟ್ಟು 22 ಜನರನ್ನ ಕೊಂದ. ಇಂಥವನನ್ನ ಹಿಡಿಯೋಕೆ ಎಸ್‌ಟಿಎಫ್ ಅನ್ನೋ ಪೊಲೀಸರ ವಿಶೇಷ ಪಡೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಎಸ್‌ಟಿಎಫ್ ಕೈಗೆ ಸಿಕ್ಕಿದ್ದು ಯಾರು? ಕಾಡಂಚಿನ ಊರೋರು. ರಾತ್ರಿ ವೀರಪ್ಪನ್ ಕಡೆಯೋರು ಬಂದೂಕು ಹಿಡ್ಕೊಂಡು ಬಂದು ಅಕ್ಕಿ ಕೊಡು ಅಂದ್ರೆ ಯಾರು ಇಲ್ಲ ಅಂತಾರೆ? ಬೆಳಗಾದ್ರೆ ಪೊಲೀಸರು, ಅಕ್ಕಿ ಕೊಟ್ಟೋನು ಯಾರು ಹೇಳು. ಅಂಗಡೀಲಿ ಎರಡು ಸೇರು ಜಾಸ್ತಿ ತಗೊಂಡ್ರೂ ಯಾರಿಗೋ ಇದು ಅಂತ ಕೇಳೋರು ಅಂತ ನಮ್ಮ ಹಿರೀಕರು ಈಗ್ಲೂ ಹೇಳ್ತಾರೆ. ಹೆಂಗಸರು, ಸೋಲಿಗರು ಯಾರನ್ನೂ ಬಿಡ್ಲಿಲ್ಲ. ಮಾದೇಶ್ವರ ಬೆಟ್ಟದ ಕ್ಯಾಂಪಲ್ಲಿ ವರ್ಕ್‌ಶಾಪ್ ಅಂತ ಒಂದು ಜಾಗ ಇತ್ತು, ಅಲ್ಲಿ ಕಿವಿಗೆ ಕ್ಲಿಪ್ ಹಾಕಿ ಕರೆಂಟ್ ಕೊಟ್ರು, ಕೈ ಹಿಂದಕ್ಕೆ ಕಟ್ಟಿ ರಾಟೆಗೆ ನೇತುಹಾಕಿದ್ರು ಅಂತ ಜನ ನ್ಯಾಯಮೂರ್ತಿ ಸದಾಶಿವ ಸಮಿತಿ ಮುಂದೆ ಸಾಕ್ಷಿ ಹೇಳಿದಾರೆ. ಮಾನವ ಹಕ್ಕು ಆಯೋಗ ಆ ಸಮಿತಿ ಮಾಡಿದ್ದೇ 1999ರಲ್ಲಿ, ಅಷ್ಟೊತ್ತಿಗೆ ಎಷ್ಟೋ ಜನ ಮೈಸೂರು ಜೈಲಲ್ಲಿ ಟಾಡಾ ಅನ್ನೋ ಭಯೋತ್ಪಾದನೆ ತಡೆ ಕಾನೂನಿನ ಕೇಸಲ್ಲಿ ವರ್ಷಗಟ್ಟಲೆಯಿಂದ ಕೊಳೀತಿದ್ರು. ಟಾಡಾದಲ್ಲಿ ಬೇಲ್ ಅನ್ನೋದು ಹೆಚ್ಚು ಕಮ್ಮಿ ಇರ್ಲೇ ಇಲ್ಲ, ಎಸ್ಪಿ ಮುಂದೆ ಕೊಟ್ಟ ತಪ್ಪೊಪ್ಪಿಗೆನೇ ಸಾಕ್ಷಿ ಆಗ್ತಿತ್ತು. ಏಟು ತಿಂದೋನು ಏನು ಬೇಕಾದ್ರೂ ಒಪ್ಕೊತಾನಲ್ಲ?

ಈಗ ನಾನು ಮುಖ್ಯವಾಗಿ ಹೇಳ್ಬೇಕಾಗಿದ್ದಕ್ಕೆ ಬರ್ತೀನಿ. 2000ದಲ್ಲಿ ನಮ್ಮ ಡಾ. ರಾಜ್‌ಕುಮಾರ್ ಅವರನ್ನ ಗಾಜನೂರಿಂದ ಎತ್ಕೊಂಡು ಹೋದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಈ ಟಾಡಾ ಬಂಧಿಗಳನ್ನ ಬಿಡಿ ಅನ್ನೋದೂ ಒಂದು, ಸರ್ಕಾರ ಹೆದರಿ ಕೇಸ್ ವಾಪಸ್ ತಗೊಳ್ಳೋಕೆ ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋಗಿ ತಡೆದೋರು ಯಾರು ಗೊತ್ತಾ, ಅದೇ ಎಸ್‌ಐ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಮಗನ್ನ ಕಳ್ಕೊಂಡ ಮನುಷ್ಯ ಕಣೋ. ಅವರು ಯಾರನ್ನೂ ಎನ್‌ಕೌಂಟರ್ ಮಾಡಿ ಅಂತ ಕೇಳ್ಲಿಲ್ಲ, ಕೇಸ್ ನಡೀಲಿ ಅಂತ ಕೇಳಿದ್ರು, ಕೋರ್ಟೂ ಅವರ ಪರ ನಿಂತಿತು. ಮುಂದಿನ ವರ್ಷ ಮೈಸೂರಿನ ವಿಶೇಷ ಕೋರ್ಟ್ ತೀರ್ಪು ಕೊಡ್ತು. ಕೆಲವರಿಗೆ ಶಿಕ್ಷೆ ಆಯ್ತು, ನೂರಕ್ಕಿಂತ ಹೆಚ್ಚು ಜನ ನಿರ್ದೋಷಿಗಳು ಅಂತ ಬಿಡುಗಡೆ ಆದ್ರು. ಮಗನ್ನ ಕಳ್ಕೊಂಡ ಅಪ್ಪನಿಗೂ, ಸುಮ್ನೆ ಒಳಗೆ ಕೂತಿದ್ದ ಕೂಲಿಯವನಿಗೂ ಬೇಕಾಗಿದ್ದು ಒಂದೇ, ಕೋರ್ಟಲ್ಲಿ ಸಾಕ್ಷಿ ನೋಡಿ ಒಂದು ತೀರ್ಮಾನ. ಹಕ್ಕು ಅಂದ್ರೆ ಕಳ್ಳರಿಗೆ ಮಾತ್ರ ಅಂತ ನೀನು ಅಂತಿಯಲ್ಲ, ಅಲ್ಲೇ ನನಗೂ ನಿನಗೂ ಜಗಳ.

ಇಷ್ಟೆಲ್ಲ ಹಿಂಸೆ ಕೊಟ್ಟು ವೀರಪ್ಪನ್ ಸಿಕ್ಕಿದ್ನಾ? ಇಲ್ಲ. ಅವನು ಸತ್ತಿದ್ದು 2004ರಲ್ಲಿ, ಪೊಲೀಸರು ಅವನ ಗುಂಪಿನ ಒಳಗೇ ಜನ ಬಿಟ್ಟು, ಸುದ್ದಿ ಕಲೆಹಾಕಿ, ಕಣ್ಣಿನ ಚಿಕಿತ್ಸೆಗೆ ಅಂತ ಆಂಬುಲೆನ್ಸಲ್ಲಿ ಹೊರಗೆ ಬರೋ ಹಾಗೆ ಮಾಡಿದ್ಮೇಲೆ. ಏಟು ತಿಂದು ಬದುಕಿರೋರಿಗೆ, ಸತ್ತೋರ ಮನೆಯೋರಿಗೆ ಅಂತ ಆಯೋಗ 2007ರಲ್ಲಿ 89 ಜನಕ್ಕೆ ಪರಿಹಾರ ಕೊಡಿ ಅಂದಿದ್ದು ಎಲ್ಲ ಸೇರಿ 2.80 ಕೋಟಿ.

ಸರಗಳ್ಳರನ್ನ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ರಾತ್ರಿ ಬೀಟ್ ಜಾಸ್ತಿ ಮಾಡ್ಲಿ, ಠಾಣೇಲಿ ಸತಾಯಿಸದೆ ಎಫ್‌ಐಆರ್ ಬರೀಲಿ, ಕಳ್ಳಮಾಲು ತಗೊಳ್ಳೋ ಅಂಗಡಿಯೋರನ್ನೂ ಹಿಡೀಲಿ, ಇದಕ್ಕೆಲ್ಲ ನಿನ್ ಜೊತೆ ಬಂದು ಅರ್ಜಿ ಕೊಡೋಕೂ ರೆಡಿ. ಹಿಡಿದ್ಮೇಲೆ ಇಪ್ಪತ್ನಾಲ್ಕು ಗಂಟೇಲಿ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು ಅಂತ ನಮ್ಮ ಸಂವಿಧಾನದಲ್ಲಿ ಇದೆಯಲ್ಲ, ಅದೊಂದನ್ನ ಮಾತ್ರ ಬಿಟ್ಟುಕೊಡೋಕೆ ನಾನು ತಯಾರಿಲ್ಲ. ಬುಕೆಲೆ ಥರದವನು ಬಂದು ಒಂದೇ ರಾತ್ರೀಲಿ ನಮ್ಮ ಏರಿಯಾದ ನೂರು ಹುಡುಗರನ್ನ ಹಿಡ್ಕೊಂಡು ಹೋದ ಅಂತ ಇಟ್ಕೋ, ಅದರಲ್ಲಿ ತಪ್ಪಾಗಿ ಸಿಕ್ಕಿರೋನು ಯಾರ ಹತ್ರ ಹೋಗಿ ಹೇಳ್ಬೇಕು? ಇದಕ್ಕೆ ನಿನ್ನ ಉತ್ತರ ಬರಿ, ಉದ್ದ ಆದ್ರೂ ಪರವಾಗಿಲ್ಲ, ಪೂರ್ತಿ ಓದ್ತೀನಿ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನವನು