ಪರದೆಗೆ ಬೆಂಕಿನಿರೋಧಕ ಸಿಂಪಡಣೆ ಮಾಡಿಸುವವರ ಗಮನಕ್ಕೆ
ಬಟ್ಟೆ ಯಾವುದೆಂದು ಸಿಂಪಡಿಸುವವರಿಗೆ ಮೊದಲೇ ಹೇಳಿ. ಹತ್ತಿಗೆ ಹಿಡಿಯುವ ದ್ರಾವಣ ಪಾಲಿಯೆಸ್ಟರ್‌ಗೆ ಸಾಲದು. ನೀರು ಇಂಗದ ಬಟ್ಟೆಗೆ ಹೊಡೆಸಿದರೆ ದುಡ್ಡು ದಂಡ. ಧೂಳು ತೆಗೆದು, ಪೂರ್ತಿ ಒಣಗಿದ ಮೇಲೆಯೇ ಕೆಲಸ ಶುರುವಾಗಲಿ. ಬಣ್ಣ ಬಿಡುತ್ತದೆಯೇ ಎಂದು ಮೂಲೆಯಲ್ಲಿ ನೋಡಿಸಿ.

ಹತ್ತಿಗೆ ಹೆಚ್ಚಾಗಿ ಬಳಸುವುದು ನೀರಿನಲ್ಲಿ ಕರಗುವ ಲವಣ. ಒಮ್ಮೆ ಒಗೆದರೆ ಹೋಯಿತು, ಮತ್ತೆ ಮಾಡಿಸಲೇಬೇಕು. ತೇವ ಇರುವ ಕಡೆ ಬಿಳಿ ಪುಡಿ ಏಳುತ್ತದೆ, ಕಬ್ಬಿಣದ ಕೊಕ್ಕೆಗೂ ತುಕ್ಕು.

ಒಣಗಿದ ಮೇಲೆ ಅದೇ ಪರದೆಯ ಅಂಚಿನಿಂದ ಚೂರು ಕತ್ತರಿಸಿ, ಹೊರಗೆ ಇಕ್ಕಳದಲ್ಲಿ ನೇತುಹಿಡಿದು, ಕೆಳತುದಿಗೆ 12 ಸೆಕೆಂಡ್ ಬೆಂಕಿ ತಾಗಿಸಲು ಹೇಳಿ. ತೆಗೆದ 2 ಸೆಕೆಂಡ್‌ನೊಳಗೆ ಆರಬೇಕು. ಕರಗಿ ಬಿದ್ದ ಹನಿ ನೆಲದಲ್ಲಿ ಉರಿಯಬಾರದು. ಅವರೇ ತಂದ ಮಾದರಿ ತುಂಡು ಸುಟ್ಟು ತೋರಿಸಿದರೆ ಒಪ್ಪಬೇಡಿ.

ಪ್ರಮಾಣಪತ್ರದಲ್ಲಿ ರಾಸಾಯನಿಕ, ಬಟ್ಟೆ, ದಿನಾಂಕ, ಅವಧಿ ನಮೂದಾಗಿರಲಿ.