ಟೂಲ್ ರೂಮಿನ ಬೀಗ ತೆಗೆಯಿರಿ

ಸಂಪಾದಕರೇ,

ನಾನು ಶಹಾಬಾದಿನವನು. ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಕಳೆದ ತಿಂಗಳು ನನ್ನ ತಂಗಿಯ ಮಗ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಸಂದರ್ಶನಕ್ಕೆ ಹೋಗಿದ್ದ. ಎರಡು ವರ್ಷ ಐಟಿಐ ಫಿಟ್ಟರ್ ಟ್ರೇಡ್, ಒಳ್ಳೇ ಅಂಕ. ಇಸ್ತ್ರಿ ಹಾಕಿದ ಅಂಗಿ, ಫೈಲಿನಲ್ಲಿ ಎಲ್ಲ ಕಾಗದದ ಎರಡೆರಡು ಜೆರಾಕ್ಸ್. ಮಧ್ಯಾಹ್ನಕ್ಕೇ ಮುಖ ಸಣ್ಣದು ಮಾಡಿಕೊಂಡು ಬಂದ.

ಕೇಳಿದ್ದು ಎರಡೇ ಎರಡಂತೆ. ವರ್ನಿಯರ್ ಕ್ಯಾಲಿಪರ್ (ಮಿಲಿಮೀಟರಿನ ಸಣ್ಣ ಭಾಗವನ್ನೂ ಅಳೆಯುವ ಉಪಕರಣ) ಮತ್ತು ಒಂದು ಪಿನ್ ಕೊಟ್ಟು, ಅಳತೆ ಹೇಳು ಅಂದರು. ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, 0.02 ಮಿ.ಮೀ. ಅಂತ ಇವನಿಗೆ ಬಾಯಿಪಾಠ. ಆದರೆ ಮೇನ್ ಸ್ಕೇಲಿನಲ್ಲಿ 24 ದಾಟಿದೆ, ವರ್ನಿಯರಿನ 18ನೇ ಗೆರೆ ಮೇನ್ ಸ್ಕೇಲಿನ ಗೆರೆಗೆ ಕೂಡಿದೆ, 18 ಸಲ 0.02 ಅಂದರೆ 0.36, ಹಾಗಾದರೆ 24.36 ಅನ್ನೋದು ಹೊಳೆಯಲೇ ಇಲ್ಲ. ಆಮೇಲೆ, 10 ಮಿ.ಮೀ. ಬೋಲ್ಟಿಗೆ ತೂತಿನೊಳಗೆ ಥ್ರೆಡ್ (ಸುರುಳಿ ಗೆರೆ) ಕೊರೆಯುವ ಎಂ10 ಟ್ಯಾಪ್‌ಗೆ ಎಷ್ಟರ ಡ್ರಿಲ್? "10" ಅಂದುಬಿಟ್ಟ. 10ರ ತೂತಿನಲ್ಲಿ ಆ ಟ್ಯಾಪ್ ಗಾಳಿಗೆ ಥ್ರೆಡ್ ಹಾಕಬೇಕಷ್ಟೆ! 10ರಲ್ಲಿ ಪಿಚ್ (ಎರಡು ಥ್ರೆಡ್ ನಡುವಿನ ದೂರ) 1.5 ಕಳೆದರೆ 8.5, ಆ ಡ್ರಿಲ್ ಬೇಕು.

"ಗೊತ್ತಿತ್ರೀ ಮಾಮಾ, ಕೈಯಾಗ ಕೊಟ್ಟ ಕೂಡ್ಲೆ ಎಲ್ಲಾ ಮರ್ತು ಹೋಯ್ತು" ಅಂದ.

ಕೆದಕಿ ಕೇಳಿದೆ. ಎರಡು ವರ್ಷದಲ್ಲಿ ಅವನು ವರ್ನಿಯರ್ ಮುಟ್ಟಿದ್ದು ನಾಲ್ಕೈದು ಸಲ. ಕಳೆದುಹೋದೀತು ಅಂತ ಐಟಿಐಯ ಟೂಲ್ ರೂಮಿನ ಬೀರುವಿನಲ್ಲಿಟ್ಟು ಬೀಗ. ಸಂದರ್ಶನದ ತಯಾರಿ ಅಂದರೆ ಮೊಬೈಲಿಗೆ ಬರುವ ಪ್ರಶ್ನೋತ್ತರದ ಪಿಡಿಎಫ್. ಮೇಷ್ಟ್ರನ್ನು ಸುಮ್ನೆ ಬೈಯುವುದಿಲ್ಲ, ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ ಅಲ್ವಾ?

ಈಗ ವಾರಕ್ಕೆ ಮೂರು ಸಂಜೆ ಅವನೂ ಅವನ ಮೂವರು ಗೆಳೆಯರೂ ನಮ್ಮ ಮನೆ ಕಟ್ಟೆಗೆ ಬರುತ್ತಾರೆ. ನನ್ನ ಹಳೇ ವರ್ನಿಯರ್ ಹಿಡಿದು ಬೋಲ್ಟು, ಬೇರಿಂಗು, ಕೊನೆಗೆ ಮನೆಯ ಸ್ಟೀಲ್ ಲೋಟವನ್ನೂ ಅಳೆದಿದ್ದಾಯಿತು. ಲೋಟ ಇನ್ನೂ ಅಡುಗೆಮನೆಗೆ ವಾಪಸ್ ಹೋಗಿಲ್ಲ, ಅದರ ಜಗಳ ಬೇರೆ. ಮೊದಲು ವರ್ನಿಯರಿನ ಜಾ (ವಸ್ತುವನ್ನು ಹಿಡಿಯುವ ದವಡೆ) ಎರಡೂ ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡು ಅನ್ನುತ್ತೇನೆ. ಸಂದರ್ಶನದಲ್ಲಿ ಎದುರು ಕೂತವರು ಗಮನಿಸುವುದು ಅದನ್ನೇ. ಉತ್ತರ ಚೂರು ತಪ್ಪಿದರೂ ಪಳಗಿದ ಕೈ ಗೊತ್ತಾಗುತ್ತದೆ.

ಹುಡುಗರಿಗೆ ಇನ್ನೊಂದು ಮಾತು. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರಿನ ಸ್ಪೆಲಿಂಗ್ ಒಂದೇ ಇದೆಯೇ, ಈಗಲೇ ನೋಡಿಕೊಳ್ಳಿ. 2016ರಲ್ಲಿ ಬಂದ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲುಭಾಗ, ತಿಂಗಳಿಗೆ 1500 ರೂಪಾಯಿವರೆಗೆ, ಕೇಂದ್ರ ಸರ್ಕಾರದ್ದು. ಅದು ನೇರ ಬ್ಯಾಂಕ್ ಖಾತೆಗೆ ಬರುವ ದುಡ್ಡು. ಹೆಸರು ತಾಳೆಯಾಗದಿದ್ದರೆ ಅಲ್ಲೇ ಕೊಕ್ಕೆ.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಮನೆ ಬಾಗಿಲಲ್ಲೇ ಇವೆ. ಐಟಿಐಯವರು ಸಂದರ್ಶನಕ್ಕೆ 15 ದಿನ ಮುಂಚೆಯಾದರೂ ಸಂಜೆ ಎರಡು ತಾಸು ಟೂಲ್ ರೂಮ್ ತೆರೆದಿಡಲಿ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೇ ಕೊಡಲಿ. ಪಕ್ಕದಲ್ಲಿ ನಿಂತು ತೋರಿಸಲು ನನ್ನಂಥ ರಿಟೈರ್ ಆದವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ, ಒಂದು ಕಪ್ ಚಹಾ ಸಾಕು.

– ಒಬ್ಬ ನಿವೃತ್ತ ಫಿಟ್ಟರ್, ಶಹಾಬಾದ್, ಕಲಬುರಗಿ ಜಿಲ್ಲೆ