ಫೋನಿನ ಆದೇಶಕ್ಕೆ ದಾಖಲೆ ಎಲ್ಲಿ?

ಮಾನ್ಯರೇ,

ಅಧಿಕಾರಿಗಳ ವರ್ಗಾವಣೆಯ ಸುದ್ದಿ ಬಂದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಅವರು ಯಾರ ಕಡೆಯವರೆಂಬ ಚರ್ಚೆಯೇ ನಡೆಯುತ್ತದೆ. ಅವರು ಕಡತದಲ್ಲಿ ಏನು ಬರೆದಿದ್ದರೆಂದು ಕೇಳುವವರು ವಿರಳ. ಚುನಾಯಿತ ಸರ್ಕಾರದ ಕಾನೂನುಬದ್ಧ ನೀತಿಯನ್ನು ತನಗೆ ಹಿಡಿಸದಿದ್ದರೂ ಜಾರಿಗೊಳಿಸುವುದು ಅಧಿಕಾರಿಯ ಕರ್ತವ್ಯ. ಅದಕ್ಕೆ ಮುನ್ನ ತನಗೆ ಕಂಡ ತೊಡಕುಗಳನ್ನು ಟಿಪ್ಪಣಿಯಲ್ಲಿ ನಿರ್ಭಯವಾಗಿ ದಾಖಲಿಸುವುದೂ ಕರ್ತವ್ಯವೇ. 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಸರ್ದಾರ್ ಪಟೇಲರು, ಮನಸ್ಸಿನಲ್ಲಿರುವುದನ್ನು ಹೇಳುವ ಸ್ವಾತಂತ್ರ್ಯ ಅಧಿಕಾರಿಗಳಿಗೆ ಇರಬೇಕೆಂದು ವಾದಿಸಿದ್ದರು. ವಿಚಾರಣೆಯಿಲ್ಲದೆ ಅಧಿಕಾರಿಗಳನ್ನು ಸಾಮಾನ್ಯವಾಗಿ ವಜಾ ಮಾಡದಂತೆ ಸಂವಿಧಾನದ 311ನೇ ವಿಧಿ ರಕ್ಷಣೆ ನೀಡಿರುವುದೂ ಅವರು ನಿಶ್ಚಿಂತೆಯಿಂದ ಕುರ್ಚಿ ಕಾಯಲಿ ಎಂದಲ್ಲ.

ಈಚೆಗೆ ಉಡುಪಿ ಜಿಲ್ಲೆಯ ಒಂದು ಕಚೇರಿಯಲ್ಲಿ ಭೂಪರಿವರ್ತನೆಯ ಅರ್ಜಿಯ ಬಗ್ಗೆ ವಿಚಾರಿಸಿದಾಗ ‘ಮೇಲಿನಿಂದ ಫೋನ್ ಬಂದಿದೆ, ಸದ್ಯಕ್ಕೆ ಆಗುವುದಿಲ್ಲ’ ಎಂಬ ಉತ್ತರ ಸಿಕ್ಕಿತು. ಅದನ್ನೇ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಕೊಡಿ ಎಂದಾಗ ಗುಮಾಸ್ತರು ಕಡತವನ್ನು ಮಡಚಿ ಕಪಾಟಿಗೆ ಸೇರಿಸಿದರು. (ಪಾಪ, ಫೋನ್ ಬಂದದ್ದು ಅವರಿಗಲ್ಲ.) ಅಧಿಕಾರಿಗಳು ಬರೀ ಬಾಯಿಮಾತಿನ ಸೂಚನೆಯಂತೆ ನಡೆಯಬಾರದು, ಅಂಥ ಸೂಚನೆಯನ್ನು ಕಡತದಲ್ಲಿ ದಾಖಲಿಸಬೇಕು ಎಂದು ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೂ ಬರೆಯದೇ ಉಳಿದ ಆದೇಶದ ಪ್ರತಿ ಸಿಗುವುದಿಲ್ಲ. ಆದ್ದರಿಂದ ಅರ್ಜಿ ತಡೆಹಿಡಿದ ಪ್ರತಿ ಸಂದರ್ಭದಲ್ಲೂ ಕಾರಣ ಮತ್ತು ಆದೇಶಿಸಿದವರ ಪದನಾಮವಿರುವ ಹಿಂಬರಹ ನೀಡುವಂತೆ ಜಿಲ್ಲಾಡಳಿತವು ಎಲ್ಲ ಕಚೇರಿಗಳಿಗೆ ಸುತ್ತೋಲೆ ಹೊರಡಿಸಬೇಕು.

– ಓರ್ವ ಓದುಗ, ಉಡುಪಿ